ನಕಲು ಮಾಡಿದ ಕೈ

ಕೋಡಂಬಾಕ್ಕಂನ ಆ ಪುಟ್ಟ ಪ್ರಿವ್ಯೂ ಥಿಯೇಟರಿನಲ್ಲಿ ಮೊದಲು ನಕ್ಕವರಲ್ಲಿ ನಾನೂ ಒಬ್ಬಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಥೆ ಮುಂದೆ ಹೋದಮೇಲೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ಅರವತ್ತೊಂದನೇ ಇಸವಿಯ ಜೂನ್ ತಿಂಗಳು, ಭಾನುವಾರ ಬೆಳಗ್ಗೆ ಒಂಬತ್ತು ಗಂಟೆ. ಅವತ್ತು ಸ್ಟುಡಿಯೋಗೆ ರಜೆಯಾದ್ದರಿಂದ ಥಿಯೇಟರು ಸಿಕ್ಕಿತ್ತು. ನಮ್ಮ ಕನ್ನಡ ಸಂಘದ ಮೂವತ್ತು ನಲವತ್ತು ಜನ ಮೈಲಾಪೂರಿನಿಂದ ಬಸ್ಸು ಹಿಡಿದು, ಮದುವೆಗೆ ಹೊರಟವರ ಹಾಗೆ ರೇಷ್ಮೆ ಉಟ್ಟು ಬಂದಿದ್ದರು. ಚಿತ್ರ ರಘುರಾಮನದು. ಅವನು ಉಡುಪಿ ಕಡೆಯವನು, ಸ್ಟುಡಿಯೋದ ಎಡಿಟಿಂಗ್ ರೂಮಿನಲ್ಲಿ ಅಸಿಸ್ಟೆಂಟ್. ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವನ ಸೋದರಮಾವನ ಹೋಟೆಲು. ಅವನ ವಾಸ ಅದರ ಮಹಡಿಯ ಮೇಲೆ.

ಆ ಎರಡು ರೀಲಿನ ಚಿತ್ರವನ್ನು ಎಲ್ಲರಿಗೂ ತೋರಿಸಿದ ಮೇಲೆ ಅವನು ನಮ್ಮ ಅಪ್ಪನ ಹತ್ತಿರ ಬಂದು ನನ್ನನ್ನು ಕೇಳುವವನಿದ್ದ. ಅಷ್ಟು ಜನರಲ್ಲಿ ಅದು ಗೊತ್ತಿದ್ದದ್ದು ನಮ್ಮಿಬ್ಬರಿಗೇ.

ನಮ್ಮ ಪ್ರೀತಿಯೆಲ್ಲ ನಡೆದದ್ದು ಹೊಸಿಲ ಮೇಲೆ. ಅದಕ್ಕೆ ಕಾರಣ 'ನಮ್ಮ ಓಲೆ', ಸಂಘದ ಕೈಬರಹದ ಪತ್ರಿಕೆ. ಎರಡು ತಿಂಗಳಿಗೊಂದು ಸಂಚಿಕೆ, ಒಂದೇ ಒಂದು ಪ್ರತಿ. ಸದಸ್ಯರು ಬರೆದದ್ದನ್ನೆಲ್ಲ ಕಾರ್ಯದರ್ಶಿ ವಿಷ್ಣುತೀರ್ಥಾಚಾರ್ಯರು ಒಟ್ಟುಮಾಡಿ ನನಗೆ ತಂದುಕೊಡುತ್ತಿದ್ದರು. ನನ್ನ ಅಕ್ಷರ ದುಂಡಗಿದೆಯೆಂದು ಇಡೀ ಸಂಚಿಕೆಯನ್ನು ನಾನೇ ನಕಲು ಮಾಡಬೇಕು. ಆಮೇಲೆ ಆ ಪ್ರತಿ ಇಪ್ಪತ್ತೆರಡು ಮನೆ ಸುತ್ತುತ್ತಿತ್ತು. ಓದಿದವರು ಕೊನೆಯ ಖಾಲಿ ಹಾಳೆಯಲ್ಲಿ ಅಭಿಪ್ರಾಯ ಬರೆದು ಮುಂದಿನ ಮನೆಗೆ ದಾಟಿಸಬೇಕು. ಪಟ್ಟಿಯಲ್ಲಿ ಮೊದಲ ಮನೆ ನಮ್ಮದು, ಎರಡನೆಯದು ಹೋಟೆಲು. ಹಾಗಾಗಿ ಎರಡು ತಿಂಗಳಿಗೊಮ್ಮೆ ರಘುರಾಮ ನಮ್ಮ ಬಾಗಿಲಿಗೆ ಬರುತ್ತಿದ್ದ.

ಪತ್ರಿಕೆಯಲ್ಲಿ ಸಿನಿಮಾ ವಿಮರ್ಶೆ ಬರೆಯುತ್ತಿದ್ದದ್ದು 'ದುರ್ಬೀನು'. ಆ ದುರ್ಬೀನು ನಾನೇ. ಆಚಾರ್ಯರನ್ನು ಬಿಟ್ಟರೆ ಯಾರಿಗೂ ಇದು ಗೊತ್ತಿರಲಿಲ್ಲ. ಎಲ್ಲರ ಬರಹವೂ ನನ್ನ ಅಕ್ಷರದಲ್ಲೇ ಇರುತ್ತಿದ್ದುದರಿಂದ ಯಾವುದು ಯಾರದೆಂದು ಗುರುತು ಹತ್ತುವಂತಿರಲಿಲ್ಲ. ಮನೆಯಲ್ಲಿ ತುಟಿ ಎರಡು ಮಾಡದ ನಾನು ಆ ಎರಡು ಹಾಳೆಗಳಲ್ಲಿ ಯಾರನ್ನೂ ಬಿಡುತ್ತಿರಲಿಲ್ಲ.

"ಈ ದುರ್ಬೀನು ಯಾರು ಮಾರಾಯ್ರೇ?" ಎಂದು ರಘುರಾಮ ಒಮ್ಮೆ ಕೇಳಿದ. "ಅದನ್ನು ಓದಿ ನಮ್ಮ ಡೈರೆಕ್ಟರು ಮಧ್ಯಾಹ್ನದ ಊಟ ಬಿಟ್ಟಿದ್ದಾರೆ."

"ಚುಮ್ಮಾ ಹೇಳ್ತೀರಿ, ಸುಳ್ಳು."

"ದೇವರಾಣೆ. ನಕಲು ಮಾಡುವವರಿಗೆ ಗೊತ್ತಿರ್ತದೆ. ಯಾರು ಹೇಳಿ."

"ಯಾರೋ ವಯಸ್ಸಾದೋರು. ಅಜೀರ್ಣ ಅವರಿಗೆ."

"ಇರ್ಲಿ. ನನ್ನ ಚಿತ್ರ ಆದ ಮೇಲೆ ಅವರ ಕೈಲಿ ಒಮ್ಮೆ ಬೈಸಿಕೊಳ್ಬೇಕು ಅಂತ ಆಸೆ ಉಂಟು. ಬೈದ್ರೂ ಸರಿಯಾಗಿ ನೋಡಿ ಬೈತಾರೆ, ಅಲ್ವಾ?"

ನಾನು ಜಡೆಯಲ್ಲಿ ಸಿಕ್ಕಿಸಿಕೊಂಡಿದ್ದ ಪೆನ್ಸಿಲನ್ನು ಸುಮ್ಮನೆ ತೆಗೆದು, ಸುಮ್ಮನೆ ಮತ್ತೆ ಸಿಕ್ಕಿಸಿಕೊಂಡೆ. ನಗು ತಡೆಯುವುದಕ್ಕೆ ಬೇರೆ ದಾರಿ ತೋರಲಿಲ್ಲ.

ಪತ್ರಿಕೆಗೆ ಬದಲಾಗಿ ಅವನು ಪ್ರತಿಸಲವೂ ಒಂದು ಫಿಲ್ಮಿನ ತುಂಡು ತಂದುಕೊಡುತ್ತಿದ್ದ. ಎಡಿಟಿಂಗ್ ರೂಮಿನ ನೆಲದ ಮೇಲೆ ಬಿದ್ದದ್ದು, ಬೆರಳುದ್ದ. ನಾನು ಅದನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದೆ. ಒಂದರಲ್ಲಿ ಯಾರದೋ ಕುದುರೆಯ ಬಾಲ, ಇನ್ನೊಂದರಲ್ಲಿ ಬರಿಯ ಮೋಡ. ನಾನು ಫಿಲ್ಮು ನೋಡುವಾಗ ಅವನು ನನ್ನನ್ನು ನೋಡುತ್ತಿದ್ದ. ಅದು ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಒಂದು ಮೋಡವನ್ನು ನೋಡಲು ಅಷ್ಟು ಹೊತ್ತು ಹಿಡಿಯುತ್ತಿತ್ತು.

ಎರಡು ವರ್ಷದಲ್ಲಿ ಹನ್ನೆರಡು ಸಲ ಬಂದ. ಹನ್ನೆರಡನೆಯ ಸಲ ಬಂದಾಗ ನಾನು ಹೇಳಿದೆ, "ಅಪ್ಪ ಒಂದು ಕಡೆ ನೋಡಿದ್ದಾರೆ. ತಿರುಮಲ ಅಂತ. ನುಂಗಂಬಾಕ್ಕಂನಲ್ಲಿ ಸರ್ಕಾರಿ ಆಫೀಸು. ಶ್ರಾವಣ ಬಂದ ಕೂಡಲೇ ಮಾತು ಕೊಡ್ಬೇಕಂತೆ."

ಅವನ ಮುಖದಲ್ಲಿದ್ದ ನಗು ಹೋಯಿತು. ಸ್ವಲ್ಪ ಹೊತ್ತು ಪತ್ರಿಕೆಯ ರಟ್ಟನ್ನು ಹೆಬ್ಬೆರಳಿನಿಂದ ಉಜ್ಜಿದ.

"ಜೂನಲ್ಲಿ ನನ್ನ ಚಿತ್ರ ಮುಗೀತದೆ. ಅದನ್ನು ನಿಮ್ಮ ತಂದೆಯವರು ಒಮ್ಮೆ ನೋಡ್ಲಿ. ಹೋಟೆಲಿನವರ ಪೈಕಿ ಅಂತ ಅಲ್ಲ, ಒಂದು ಕೆಲಸ ಬಲ್ಲವ ಅಂತ ಅವರಿಗೆ ಗೊತ್ತಾಗ್ಲಿ. ಮತ್ತೆ ಬಂದು ಕೇಳ್ತೇನೆ."

"ಏನಿದೆ ಆ ಚಿತ್ರದಲ್ಲಿ?"

"ನೋಡಿದ ಕೂಡ್ಲೇ ನಿಮಗೆ ಗೊತ್ತಾಗ್ತದೆ," ಎಂದ. "ಬೇರೆ ಯಾರಿಗೂ ಗೊತ್ತಾಗುವುದಿಲ್ಲ."

ಹೀಗಿತ್ತು ನಮ್ಮ ಪರಿಸ್ಥಿತಿ.

ಥಿಯೇಟರಿನಲ್ಲಿ ದೀಪ ಆರಿತು. ತೆರೆಯ ಮೇಲೆ 'ಬಾಗಿಲ ಬಳಿ' ಎಂಬ ಹೆಸರು ಮೂಡಿತು. ಮಾತಿಲ್ಲ, ಹಿನ್ನೆಲೆಯಲ್ಲಿ ಒಂದೇ ಒಂದು ಪಿಟೀಲು. ಒಂದು ಮನೆಯ ಬಾಗಿಲು ಕಾಣಿಸಿತು. ಯಾರದೋ ಕೈ ಬಂದು ಬಾಗಿಲು ತಟ್ಟಿತು. ಬಾಗಿಲು ತೆರೆದಾಗ ಹೊಸಿಲ ಮೇಲೆ ಎರಡು ಪಾದ, ಸೀರೆಯ ಅಂಚು, ಎದೆಗೊತ್ತಿ ಹಿಡಿದ ಒಂದು ಪುಸ್ತಕ, ಭುಜದ ಮೇಲಿಂದ ಇಳಿದ ಜಡೆ. ಆಮೇಲೆ ಮುಖ.

ಮುಖ ಹೋಟೆಲಿನ ಚಂದುವಿನದು.

ಚಂದು ನಮಗೆಲ್ಲ ಇಡ್ಲಿ ತಂದುಕೊಡುವ ಸಪ್ಲೈಯರು, ಮೂವತ್ತೈದು ದಾಟಿದ ಗಂಡಸು. ಮೈಲಾಪೂರಿನ ಕನ್ನಡದವರಲ್ಲಿ ಅವನ ಕೈಯಿಂದ ಕಾಫಿ ಇಸಿದುಕೊಳ್ಳದವರು ಯಾರೂ ಇರಲಾರರು. ಅಂಥವನು ಕಣ್ಣಿಗೆ ಕಾಡಿಗೆ ಹಚ್ಚಿ, ಮಲ್ಲಿಗೆ ಮುಡಿದು, ರೆಪ್ಪೆ ತಗ್ಗಿಸಿ ನಿಂತಿದ್ದ. ಒಂದು ಗಳಿಗೆ ಎಲ್ಲರೂ ಕಕ್ಕಾಬಿಕ್ಕಿಯಾದರು. ಆಮೇಲೆ ಹಿಂದಿನ ಸಾಲಿನಿಂದ ಯಾರೋ ಕೂಗಿದರು.

"ಡೇ ಚಂದು! ಒಂದು ಸ್ಟ್ರಾಂಗ್ ಕಾಫಿ!"

ಥಿಯೇಟರಿಗೆ ಥಿಯೇಟರೇ ಬಿದ್ದು ಬಿದ್ದು ನಕ್ಕಿತು. ನಾನೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ರಘುರಾಮ ಇಷ್ಟು ತಮಾಷೆಯ ಮನುಷ್ಯನೆಂದು ನನಗೆ ಗೊತ್ತೇ ಇರಲಿಲ್ಲ ಅಂದುಕೊಂಡೆ.

ಅಷ್ಟರಲ್ಲಿ ಚಂದು ಎಡಗಾಲಿನ ಹೆಬ್ಬೆರಳನ್ನು ಹೊಸಿಲಿಗೆ ಒತ್ತಿ ನಿಂತ. ಜಡೆಯಿಂದ ಒಂದು ಪೆನ್ಸಿಲು ತೆಗೆದು ಮತ್ತೆ ಸಿಕ್ಕಿಸಿಕೊಂಡ. ಶಾಯಿ ಹತ್ತಿದ ಬೆರಳನ್ನು ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಕೂದಲಿಗೆ ಒರೆಸಿದ. ಏನನ್ನೋ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಒಂದೊಂದಕ್ಕೂ ಒಂದೊಂದು ನಗೆಯ ಅಲೆ ಎದ್ದಿತು. ನನ್ನ ಪಕ್ಕದಲ್ಲಿ ಕೂತಿದ್ದ ಅಮ್ಮ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಅತ್ತಿಗೆ ವೆಂಕಟಲಕ್ಷ್ಮಿ ನನ್ನ ತೊಡೆಗೆ ತಟ್ಟಿದಳು.

"ಉಷಾ, ನೋಡೇ! ಅಚ್ಚಸಲ್ ನೀನೇ!"

ನನ್ನ ಕಿವಿ ಕಾದುಹೋಯಿತು. ಎರಡು ವರ್ಷ ಆ ಹೊಸಿಲ ಮೇಲೆ ಅವನೊಬ್ಬನಿಗೆ ಕಾಣಲೆಂದು ನಿಂತಿದ್ದೆ. ಅದನ್ನೆಲ್ಲ ಅವನು ಎತ್ತಿಕೊಂಡು ಹೋಗಿ ಮೀಸೆ ಬೋಳಿಸಿದ ಸಪ್ಲೈಯರಿಗೆ ಉಡಿಸಿ, ಊರಿಗೆಲ್ಲ ನಗಲು ಕೊಟ್ಟಿದ್ದ.

ಬಾಗಿಲು ಮತ್ತೆ ಮತ್ತೆ ತೆರೆಯಿತು, ಹನ್ನೆರಡು ಸಲ. ನಾಯಕನ ಮುಖ ಒಮ್ಮೆಯೂ ಕಾಣಲಿಲ್ಲ. ಅವನ ಕೈ ಬಂದು ಪುಸ್ತಕ ಇಸಿದುಕೊಂಡು ಹೋಗುತ್ತಿತ್ತು, ಅಷ್ಟೇ. ಕೊನೆಯ ಸಲ ಆ ಕೈ ಪುಸ್ತಕ ಇಸಿದುಕೊಳ್ಳಲಿಲ್ಲ. ಅಂಗೈ ಮೇಲಾಗಿ ಹಾಗೆಯೇ ಚಾಚಿಕೊಂಡಿತ್ತು. ಚಂದು ಆ ಕೈಯನ್ನು ನೋಡಿ ಕಣ್ಣೆತ್ತಿದ.

"ಚಂದು, ಬಿಲ್ ಕೊಡೋ!"

ಆ ಗಲಾಟೆಯಲ್ಲಿ ಪಿಟೀಲು ಮುಗಿದದ್ದೂ ಕೇಳಿಸಲಿಲ್ಲ. ದೀಪ ಹತ್ತಿದಾಗ ವಿಷ್ಣುತೀರ್ಥಾಚಾರ್ಯರು ಎದ್ದು ಚಪ್ಪಾಳೆ ತಟ್ಟುತ್ತಿದ್ದರು.

"ಭೇಷ್! ಭೇಷ್! ನಮ್ಮವರಲ್ಲಿ ಇಂಥ ಹಾಸ್ಯ ಬರೋದಿಲ್ಲ ಅಂತಿದ್ರು. ಏನಪ್ಪಾ ರಘುರಾಮಾ, ಹಾಸ್ಯಚಿತ್ರ ತಾನೆ ಇದು?"

ರಘುರಾಮ ಹಿಂದಿನ ಬಾಗಿಲ ಹತ್ತಿರ ನಿಂತಿದ್ದ. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ. ಅಷ್ಟೂ ಮುಖಗಳಲ್ಲಿ ಅವನ ಕಣ್ಣು ಹುಡುಕುತ್ತಾ ಬಂದು ನನ್ನ ಮೇಲೆ ನಿಂತಿತು. ನಾನು ಮುಖ ತಿರುಗಿಸಿಕೊಂಡೆ.

"ಹೌದು," ಎಂದ ಅವನು. "ಹಾಸ್ಯಚಿತ್ರವೇ."

ಆ ವಾರ ದುರ್ಬೀನು ಬರೆದದ್ದು ನನಗೆ ಇವತ್ತಿಗೂ ಬಾಯಿಪಾಠ.

'ಬಾಗಿಲ ಬಳಿ ಎಂಬ ಎರಡು ರೀಲಿನ ಹಾಸ್ಯಚಿತ್ರವನ್ನು ನೋಡಿದೆವು. ಹಾಸ್ಯವೆಂದು ನಿರ್ದೇಶಕರೇ ಹೇಳಿದ್ದರಿಂದ ನಂಬಬೇಕಾಯಿತು. ನಾಯಕನಿಗೆ ಮುಖವಿಲ್ಲ, ಇಂಥ ಕಥೆಯಲ್ಲಿ ಕಾಣಿಸಿಕೊಳ್ಳಲು ಅವನಿಗೇ ನಾಚಿಕೆಯಾಗಿರಬೇಕು. ನಾಯಕಿಗೆ ಮುಖವಿದೆ, ಕ್ಷೌರದ ಗುರುತೂ ಇದೆ. ಯಾವ ದೃಶ್ಯವೂ ಕಣ್ಣು ನೆಡುವಷ್ಟು ಹೊತ್ತು ನಿಲ್ಲುವುದಿಲ್ಲ. ಒಂದು ಮುಖವನ್ನು ನೆಟ್ಟಗೆ ನೋಡುವ ತಾಳ್ಮೆ ಇವರಿಗಿಲ್ಲ. ಕೊನೆಗೆ ಒಂದು ಕೈ ಚಾಚಿಕೊಳ್ಳುತ್ತದೆ. ಅದು ಏನು ಕೇಳುತ್ತಿದೆಯೆಂದು ನಮಗಂತೂ ತಿಳಿಯಲಿಲ್ಲ. ಬಿಲ್ಲೆಂದು ಹಿಂದಿನ ಸಾಲಿನವರು ಹೇಳಿದ್ದೇ ಸರಿಯಿರಬಹುದು. ಹೆಣ್ಣಿನ ನಡೆನುಡಿಯಲ್ಲಿ ನಗುವುದಕ್ಕೆ ಮಾತ್ರ ವಸ್ತು ಕಂಡವನು ಯಾವ ಹೆಣ್ಣನ್ನೂ ಸರಿಯಾಗಿ ನೋಡಿದವನಲ್ಲ. ಅಂಥವನು ಪ್ರೇಮಕಥೆಗೆ ಕೈಹಾಕಬಾರದು.'

ಅದನ್ನು ಸಂಚಿಕೆಗೆ ಇಳಿಸುವಾಗ ಹೊಸ ನಿಬ್ಬು ಹಾಕಿಕೊಂಡೆ. ಆ ಸಂಚಿಕೆಯಲ್ಲಿ ಅಷ್ಟು ಚೆಂದದ ಅಕ್ಷರ ಬೇರೆ ಯಾವ ಹಾಳೆಯಲ್ಲೂ ಇರಲಿಲ್ಲ. ಓದಿ ಅವನು ಉರಿಯಬೇಕು, ಉರಿದುಕೊಂಡು ಬಾಗಿಲಿಗೆ ಬರಬೇಕು, ಆಗ ಮುಖದ ಮೇಲೆ ಹೊಡೆದ ಹಾಗೆ ಕೇಳಬೇಕು 'ಯಾಕೆ ಹಾಗೆ ಮಾಡಿದಿರಿ' ಎಂದು. ನನ್ನ ಲೆಕ್ಕಾಚಾರ ಇಷ್ಟೇ ಇತ್ತು.

ಮೊದಲ ಮನೆ ನಮ್ಮದಾದ್ದರಿಂದ ಮೊದಲು ಓದಿದ್ದು ಅಪ್ಪ. ಪಂಢರಿನಾಥ ರಾಯರೆಂದರೆ ಸಂಘದಲ್ಲಿ ದೊಡ್ಡ ಓದುಗರೆಂದು ಹೆಸರು. ಆರಾಮ ಕುರ್ಚಿಯಲ್ಲಿ ಕಾಲು ಚಾಚಿಕೊಂಡು, ವಿಮರ್ಶೆಯನ್ನು ಅಮ್ಮನಿಗೆ ಗಟ್ಟಿಯಾಗಿ ಓದಿಹೇಳಿದರು. ಕೊನೆಯ ವಾಕ್ಯವನ್ನು ಎರಡು ಸಲ ಓದಿದರು.

"ಯಾರೋ ಈ ದುರ್ಬೀನು, ಬಹಳ ತೂಕದ ಮನುಷ್ಯ," ಎಂದರು.

ಮರುದಿನ ಬೆಳಗ್ಗೆ ಪತ್ರಿಕೆ ಒಯ್ಯಲು ರಘುರಾಮ ಬರಲಿಲ್ಲ. ಚಂದು ಬಂದ. ಭುಜದ ಮೇಲೆ ಟವೆಲು, ಹಣೆಯಲ್ಲಿ ಬೆವರು. ನನ್ನನ್ನು ಕಂಡು ಅವನು ಏನೋ ಹೇಳಹೊರಟವನು ಸುಮ್ಮನಾಗಿ, ತಲೆ ತಗ್ಗಿಸಿ ನನ್ನ ಕಾಲನ್ನೇ ನೋಡಿದ. ನಾನು ಎಡಗಾಲಿನ ಹೆಬ್ಬೆರಳನ್ನು ಹೊಸಿಲಿಗೆ ಒತ್ತಿ ನಿಂತಿದ್ದೆ.

"ಓ," ಎಂದ ಚಂದು. "ನೀವಾ ಅದು?"

"ಯಾವುದು?"

"ಆರು ತಿಂಗಳು ಕಲಿಸಿದ್ದಾರೆ ನನಗೆ, ಉಷಕ್ಕ. ಬೆಳಿಗ್ಗೆ ಹೋಟೆಲು ತೆರೆಯುವ ಮೊದಲು. ಈ ಹೆಬ್ಬೆರಳು ಒಂದಕ್ಕೇ ಒಂದು ವಾರ. 'ಹಾಗಲ್ಲ ಚಂದು, ಅವರು ಅಷ್ಟು ಜೋರು ಒತ್ತುವುದಿಲ್ಲ' ಅಂತ. ಅವರು ಅಂದ್ರೆ ಯಾರು ಅಂತ ನಾನು ಕೇಳ್ಲಿಲ್ಲ. ಈಗ ಗೊತ್ತಾಯ್ತು."

"ಎಲ್ಲರನ್ನೂ ನಗಿಸೋಕೆ ಅಷ್ಟು ಕಷ್ಟ ಪಟ್ರಾ?"

ಚಂದು ನನ್ನನ್ನು ಅರ್ಥವಾಗದವನ ಹಾಗೆ ನೋಡಿದ.

"ನಗಿಸ್ಲಿಕ್ಕೆ ಎಂತಕ್ಕೆ? ಅದು ಹಾಸ್ಯ ಅಲ್ಲ ಅಕ್ಕಾ. ಊರಲ್ಲಿ ನಾನು ಹನ್ನೆರಡು ವರ್ಷ ಯಕ್ಷಗಾನ ಮೇಳದಲ್ಲಿ ಹೆಣ್ಣು ವೇಷ ಮಾಡಿದವ. ನಾನು ರಂಗಸ್ಥಳಕ್ಕೆ ಬಂದ್ರೆ ಹೆಂಗಸರು ಕಣ್ಣೊರೆಸಿಕೊಳ್ತಿದ್ರು. ವೇಷ ಕಟ್ಟಿದ ಮೇಲೆ ಅಲ್ಲಿ ಚಂದು ಅಂತ ಯಾರೂ ನೋಡುವುದಿಲ್ಲ. 'ಚಂದು, ನಿನ್ನಷ್ಟು ಚೆಂದ ಬೇರೆ ಯಾರಿಗೂ ಮಾಡ್ಲಿಕ್ಕೆ ಬರುವುದಿಲ್ಲ, ಅವರನ್ನು ನೀನೇ ಮಾಡ್ಬೇಕು' ಅಂತ ನನ್ನ ಕೈ ಹಿಡಿದು ಕೇಳಿದ್ದು ರಘುರಾಮಣ್ಣ. ನಾನು ಇಲ್ಲಿ ದಿನಾ ನಿಮಗೆಲ್ಲ ಇಡ್ಲಿ ಕೊಡುವವ ಅಲ್ವಾ? ಅದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ."

ನಾನು ಕಾಲನ್ನು ಹೊಸಿಲಿನಿಂದ ಹಿಂದಕ್ಕೆ ಎಳೆದುಕೊಂಡೆ.

"ಹಾಸ್ಯ ಅಂತ ಅವರೇ ಒಪ್ಕೊಂಡ್ರಲ್ಲ?"

"ಎಲ್ಲರೂ ಅಷ್ಟು ನಗುವಾಗ ಮತ್ತೆಂತ ಹೇಳ್ಬೇಕಿತ್ತು?"

ಚಂದು ಬೇಸರದಿಂದ ಟವೆಲಿನಲ್ಲಿ ಮುಖ ಒರೆಸಿಕೊಂಡ. ಬೇರೆಯವರ ಚಿತ್ರಗಳಲ್ಲಿ ಬಳಸದೆ ಉಳಿದ ತುಂಡು ಫಿಲ್ಮುಗಳಲ್ಲಿ ತೆಗೆದದ್ದಂತೆ. ಅವನು ಒಮ್ಮೆ ಕಣ್ಣೆತ್ತುವುದರೊಳಗೆ ಒಂದು ತುಂಡು ಮುಗಿದುಹೋಗುತ್ತಿತ್ತಂತೆ. ರಘುರಾಮ ಕ್ಯಾಮೆರಾದ ಪಕ್ಕದಲ್ಲಿ ನಿಂತು 'ಇನ್ನೊಂದು ಚೂರು, ಇನ್ನೊಂದು ಚೂರು ಇದ್ದಿದ್ರೆ' ಎನ್ನುತ್ತಿದ್ದನಂತೆ. ತಾಳ್ಮೆಯಿಲ್ಲವೆಂದು ನಾನು ಬರೆದದ್ದು ಇದನ್ನು.

"ಕೊನೆಗೆ ಆ ಕೈ?" ಎಂದೆ.

"ಕೈ ಅವರದ್ದೇ. ಅದಕ್ಕೆ ಬೇರೆಯವರ ಕೈ ಆಗುವುದಿಲ್ಲ ಅಂದ್ರು."

ನೋಡಿದ ಕೂಡಲೇ ನಿಮಗೆ ಗೊತ್ತಾಗುತ್ತದೆ ಎಂದಿದ್ದ. ಹನ್ನೆರಡು ಸಲ ನಮ್ಮ ಬಾಗಿಲಲ್ಲಿ ನಿಂತು ಅವನು ಏನು ಕಂಡನೋ ಅದನ್ನೇ ತೋರಿಸಿದ್ದ. ಅವನ ಮುಖ ಅದರಲ್ಲಿ ಹೇಗೆ ಬರಬೇಕು? ಅಪ್ಪನಿಗಿಂತ ಮೊದಲು ನನ್ನನ್ನು ಕೇಳಿದ್ದ. ಅಷ್ಟು ಜನರ ನಡುವೆ ಕೈ ಚಾಚಿ ಕೇಳಿದ್ದ.

ನಾನು ಒಳಗೆ ಓಡಿ ಪತ್ರಿಕೆ ತೆರೆದೆ. ಆ ಹಾಳೆ ಹರಿದುಬಿಡೋಣವೆಂದರೆ ಅದರ ಬೆನ್ನಿಗೆ ಅಪ್ಪನ ಲೇಖನವಿತ್ತು. ಹಾಳೆ ಹಿಡಿದುಕೊಂಡು ನಿಂತೇ ಇದ್ದೆ. "ಅವನನ್ನ ಎಷ್ಟು ಹೊತ್ತು ನಿಲ್ಲಿಸ್ತೀಯಮ್ಮ, ಸೀಕ್ರಂ ಕೊಟ್ಟು ಕಳಿಸು," ಎಂದು ಅಪ್ಪ ನಡುಮನೆಯಿಂದ ಕೂಗಿದರು. ಅಪ್ಪನ ಲೇಖನಕ್ಕೆ ಹೆದರಿ ನಾನು ಪತ್ರಿಕೆಯನ್ನು ಚಂದುವಿನ ಕೈಗಿಟ್ಟೆ. ಇಷ್ಟು ಹೇಡಿತನವನ್ನು ನಾನು ಯಾವ ಚಿತ್ರದ ನಾಯಕಿಯಲ್ಲಿ ಕಂಡಿದ್ದರೂ ಬಿಡುತ್ತಿರಲಿಲ್ಲ.

ನಾಲ್ಕು ದಿನ ಬಿಟ್ಟು, ಗುರುವಾರ ಸಂಜೆ, ರಘುರಾಮ ಬಂದ. ಅದೇ ಬಿಳಿ ಅಂಗಿ. ಕೈಯಲ್ಲಿ ಪತ್ರಿಕೆಯಿರಲಿಲ್ಲ, ಅದು ಮೂರನೇ ಮನೆಗೆ ದಾಟಿತ್ತು.

"ಅಜೀರ್ಣ ಇನ್ನೂ ವಾಸಿ ಆಗ್ಲಿಲ್ವಾ ದುರ್ಬೀನಿಗೆ?" ಎಂದು ನಗಲು ನೋಡಿದ. ನಗು ಅರ್ಧಕ್ಕೆ ನಿಂತಿತು. "ಇವತ್ತಾದ್ರೂ ಹೇಳಿ, ಯಾರು ಅವರು?"

"ಯಾಕೆ?"

"ಜಗಳಕ್ಕಲ್ಲ. ಅದು ಹಾಸ್ಯ ಅಲ್ಲ ಅಂತ ಅವರಿಗೆ ಒಂದು ಮಾತು ಹೇಳ್ಬೇಕಿತ್ತು. ಇನ್ನು ಯಾರಿಗೂ ಹೇಳ್ಬೇಕು ಅಂತ ಇಲ್ಲ. ನಿಮಗೆ ಹೇಗೂ ಗೊತ್ತುಂಟು."

ಅವನು ನನ್ನ ಕಣ್ಣಿನಲ್ಲಿ 'ಹೌದು' ಎಂಬುದೊಂದನ್ನು ಹುಡುಕುತ್ತಿದ್ದ. ಥಿಯೇಟರಿನಲ್ಲಿ ನಾನು ಮುಖ ತಿರುಗಿಸಿಕೊಂಡದ್ದಕ್ಕೆ ಅವನೇ ಏನೋ ಒಂದು ಒಳ್ಳೆಯ ಕಾರಣ ಹುಡುಕಿಟ್ಟುಕೊಂಡಿದ್ದನೆಂದು ಕಾಣುತ್ತದೆ. ನಾಚಿಕೆ ಅಂದುಕೊಂಡಿದ್ದನೋ ಏನೋ. ನಾನು ಕಣ್ಣು ತಗ್ಗಿಸಿದೆ. ಅವನು ಸ್ವಲ್ಪ ಹೊತ್ತು ಕಾದು, "ತಂದೆಯವರು ಇದ್ದಾರಾ?" ಎಂದು ಚಪ್ಪಲಿ ಬಿಟ್ಟು ಒಳಗೆ ಹೋದ. ಎರಡು ವರ್ಷದಲ್ಲಿ ಅವನು ಆ ಹೊಸಿಲು ದಾಟಿದ್ದು ಅದೇ ಮೊದಲು.

ನಾನು ಕೋಣೆಯ ಬಾಗಿಲ ಹಿಂದೆ ನಿಂತು ಕೇಳಿದೆ. ಅಪ್ಪ ಮರ್ಯಾದೆಯಿಂದಲೇ ಕೂರಿಸಿದರು. ಹೋಟೆಲಿನವರಿಗೆ ನಾವು ಕಾಫಿ ಕೊಡುವುದೆಂದರೆ ಭಯವೇ ಎಂದು ತಮಾಷೆ ಮಾಡಿದರು. ರಘುರಾಮ ಕಾಫಿ ಮುಟ್ಟಲಿಲ್ಲ. ಕೇಳಬೇಕಾದ್ದನ್ನು ಸುತ್ತುಬಳಸದೆ ಕೇಳಿದ.

"ತಪ್ಪು ತಿಳ್ಕೋಬೇಡಪ್ಪ," ಎಂದರು ಅಪ್ಪ. "ಹೋಟೆಲು ಅಂತ ಅಲ್ಲ. ಸಿನಿಮಾ ಅಂತಾನೂ ಅಲ್ಲ, ನಾನು ಅಷ್ಟು ಹಳೇ ಕಾಲದವನಲ್ಲ. ಒಬ್ಬರು ಬರೆದಿದ್ದಾರೆ ನೋಡು, 'ಹೆಣ್ಣಿನ ನಡೆನುಡಿಯಲ್ಲಿ ನಗುವುದಕ್ಕೆ ಮಾತ್ರ ವಸ್ತು ಕಂಡವನು ಯಾವ ಹೆಣ್ಣನ್ನೂ ಸರಿಯಾಗಿ ನೋಡಿದವನಲ್ಲ.' ಓದಿದಾಗಿಂದ ಅದು ನನ್ನ ತಲೇಲಿ ಕೂತುಬಿಟ್ಟಿದೆ. ನಾನೂ ಅವತ್ತು ನಕ್ಕೆ. ಆದ್ರೆ ಅಂಥವನಿಗೆ ಮಗಳನ್ನ ಹೇಗೆ ಕೊಡ್ಲಿ, ನೀನೇ ಹೇಳು."

ರಘುರಾಮ ಲೋಟವನ್ನು ಪಕ್ಕಕ್ಕೆ ಸರಿಸಿದ ಸದ್ದಾಯಿತು.

ನಾನು ಹೊರಗೆ ಬಂದೆ. ನನ್ನ ಮಾತನ್ನು ನಾನು ವಾಪಸು ತೆಗೆದುಕೊಂಡರೆ ಅಪ್ಪನ ಕೈಯಲ್ಲಿ ಇನ್ನೇನೂ ಉಳಿಯುವುದಿಲ್ಲ, ಅಲ್ಲಿಗೆ ಎಲ್ಲ ಸರಿಹೋಗುತ್ತದೆ ಅಂದುಕೊಂಡೆ.

"ಅಪ್ಪಾ, ಅದನ್ನ ಬರೆದದ್ದು ನಾನು. ದುರ್ಬೀನು ನಾನೇ. ನಾನು ಬರೆದದ್ದು ತಪ್ಪು. ಅದು ಹಾಸ್ಯಚಿತ್ರ ಅಲ್ಲ."

"ನೀನಾ?" ಎಂದರು ಅಪ್ಪ. ಅವರ ಮುಖದಲ್ಲಿ ಸಿಟ್ಟಿಗಿಂತ ಬೆರಗೇ ಹೆಚ್ಚಾಗಿತ್ತು. ನನ್ನನ್ನೂ ಅವನನ್ನೂ ಒಮ್ಮೆ ನೋಡಿದರು. "ಅಂದ್ರೆ... ನಿಂಗೂ ಇದು ಒಪ್ಪಿಗೆಯೇನಮ್ಮ?"

ಆ ಪ್ರಶ್ನೆಗಾಗಿ ನಾನು ಎರಡು ವರ್ಷ ಕಾದಿದ್ದೆ. ಉತ್ತರ ಕೊಡುವ ಮೊದಲು ರಘುರಾಮನ ಕಡೆ ತಿರುಗಿದೆ. ಅವನು ಬೇರೆ ಯಾರನ್ನೋ ನೋಡುತ್ತಿರುವ ಹಾಗೆ ನನ್ನನ್ನು ನೋಡುತ್ತಿದ್ದ.

"ನೀವೂ ನಕ್ಕಿರಾ?" ಎಂದು ಕೇಳಿದ, ಬಹಳ ಮೆಲ್ಲಗೆ.

ಸುಳ್ಳು ಹೇಳಬಹುದಿತ್ತು. ಆ ಕಣ್ಣಿನೆದುರು ಹೇಳಲಾಗಲಿಲ್ಲ.

"ಮೊದಲು. ಚಂದು ಬಂದಾಗ."

ಅವನು ತಲೆಯಾಡಿಸಿದ. ಎದ್ದು ಅಪ್ಪನಿಗೆ ಕೈಮುಗಿದ. "ಬರೆದದ್ದು ಸರಿಯಾಗಿಯೇ ಉಂಟು ರಾಯರೇ. ನಾನು ಕಂಡದ್ದನ್ನು ಕಾಣಿಸ್ಲಿಕ್ಕೆ ನನಗೆ ಬರ್ಲಿಲ್ಲ."

ಬಾಗಿಲವರೆಗೆ ಅವನ ಹಿಂದೆಯೇ ಹೋದೆ. ಚಪ್ಪಲಿ ಮೆಟ್ಟಿಕೊಳ್ಳುವಾಗ ಅವನು ತಲೆಯೆತ್ತದೆ ಹೇಳಿದ, "ಎಲ್ಲರೂ ನಗುವಾಗ ನನಗೆ ಅಷ್ಟೇನೂ ಅನ್ನಿಸ್ಲಿಲ್ಲ. ಇಷ್ಟು ಜನರಲ್ಲಿ ಒಬ್ಬರಿಗೆ ಗೊತ್ತಾದ್ರೆ ಸಾಕು ಅಂತ ಇದ್ದೆ. ಆ ಒಬ್ಬರಿಗೇ ಅಲ್ವಾ ನಾನು ಮಾಡಿದ್ದು?"

ನಾನು ಹೊಸಿಲ ಮೇಲೆ ನಿಂತು ಕೈ ಚಾಚಿದೆ, ಅಂಗೈ ಮೇಲೆ ಮಾಡಿ, ಅವನ ಚಿತ್ರದಲ್ಲಿದ್ದ ಹಾಗೆಯೇ. ಅವನು ಅದನ್ನು ನೋಡಿದ. ನೋಡಿಯೂ, ಸಂಘದ ಬೇರೆ ಹೆಂಗಸರಿಗೆ ಮಾಡುವಂತೆ ನನಗೂ ಎರಡು ಕೈ ಜೋಡಿಸಿ, "ಬರ್ತೇನೆ," ಎಂದು ಬೀದಿಗಿಳಿದ.

ಎರಡು ದಿನ ಅಪ್ಪ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಬೆಳಗ್ಗೆ, ಎಂದೂ ಹೊರಗೆ ಕಾಫಿ ಕುಡಿಯದವರು, ಕಾಫಿಯ ನೆಪ ಹೇಳಿ ಹೋಟೆಲಿಗೆ ಹೋದರು. ಹೋಗುವಾಗ ಮಡಿಪಂಚೆ ಬಿಟ್ಟು ಒಳ್ಳೆಯ ಜರಿ ಧೋತ್ರ ಉಟ್ಟಿದ್ದನ್ನು ನೋಡಿ ಅವರು ಸಂಬಂಧದ ಮಾತಿಗೇ ಹೊರಟರೆಂದು ನನಗೆ ಗೊತ್ತಾಯಿತು. ಅರ್ಧ ಗಂಟೆಯಲ್ಲಿ ಹಿಂತಿರುಗಿ ಬಂದು, ಕೋಟು ತೆಗೆದು ಗೂಟಕ್ಕೆ ಹಾಕಿದರು.

"ಬೊಂಬಾಯಿಗೆ ಹೋದನಂತಮ್ಮ. ಶನಿವಾರಾನೇ. ಅಲ್ಲಿ ಯಾವುದೋ ಸ್ಟುಡಿಯೋದಲ್ಲಿ ಕೆಲಸವಂತೆ. ವಿಳಾಸ ಇನ್ನೂ ಬರೆದಿಲ್ಲವಂತೆ."

ವಿಳಾಸ ಬರಲೇ ಇಲ್ಲ. ಆಷಾಢವಿಡೀ ದಿನಕ್ಕೊಂದು ನೆಪ ಮಾಡಿ ಹೋಟೆಲಿನ ಮುಂದೆ ನಡೆದೆ. ಚಂದು ನನ್ನನ್ನು ಕಂಡರೆ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದ. 'ನಮ್ಮ ನಾಯಕಿ ಎಲ್ಲಿ' ಎಂದು ಗಿರಾಕಿಗಳು ಇನ್ನೂ ಅವನನ್ನು ಕಾಡುತ್ತಿದ್ದರು. ಶ್ರಾವಣ ಬಂತು. ತಿರುಮಲನ ಮನೆಯವರಿಗೆ ಬೇಡವೆನ್ನಲು ನನ್ನ ಹತ್ತಿರ ಯಾವ ಕಾರಣವೂ ಉಳಿದಿರಲಿಲ್ಲ. ಅಪ್ಪ ಮಾತು ಕೊಡುವ ಮೊದಲು ನನ್ನ ಮುಖ ನೋಡಿದರು. ನಾನು ಹೂಂ ಎಂದೆ.

ಅದಾಗಿ ನಾಲ್ಕು ದಿನಕ್ಕೆ 'ನಮ್ಮ ಓಲೆ' ಇಪ್ಪತ್ತೆರಡು ಮನೆ ಸುತ್ತಿ ವಾಪಸು ಬಂತು. ಆಚಾರ್ಯರು ಮುಂದಿನ ಸಂಚಿಕೆಗೆ ಬಿಳಿ ಕಾಗದವನ್ನೂ ತಂದಿಟ್ಟು ಹೋದರು. ಮಧ್ಯಾಹ್ನ, ಅಮ್ಮ ಮಲಗಿದ್ದಾಗ, ಅಭಿಪ್ರಾಯದ ಹಾಳೆ ತೆರೆದೆ. 'ದುರ್ಬೀನಿಗೆ ಭೇಷ್!' 'ಚಿತ್ರಕ್ಕಿಂತ ವಿಮರ್ಶೆ ಓದಿಯೇ ಹೆಚ್ಚು ನಕ್ಕೆವು.' ಪುಟದ ತುಂಬ ಇಂಥವೇ. ಎಲ್ಲಕ್ಕಿಂತ ಮೇಲೆ ಅಪ್ಪನ ಮೆಚ್ಚುಗೆ. ಅದರ ಕೆಳಗೆ, ಎರಡನೇ ಮನೆಯ ಜಾಗದಲ್ಲಿ, ಗುಂಡುಸೂಜಿಯಿಂದ ಚುಚ್ಚಿಟ್ಟ ಒಂದು ಫಿಲ್ಮಿನ ತುಂಡು. ಪಕ್ಕದಲ್ಲಿ ಯಾರೋ 'ನಮ್ಮ ಚಂದು!' ಎಂದು ಗೀಚಿದ್ದರು.

ಅದನ್ನು ಬಿಡಿಸಿಕೊಂಡು ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದೆ.

ಬೆರಳಿನ ಉಗುರಿನಷ್ಟು ಜಾಗದಲ್ಲಿ ಒಬ್ಬಳು ಹೊಸಿಲ ಮೇಲೆ ನಿಂತು, ಒಂದು ಕಣ್ಣು ಮುಚ್ಚಿ, ಏನನ್ನೋ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಎಷ್ಟು ಹುಡುಕಿದರೂ ಅದರಲ್ಲಿ ಚಂದು ಕಾಣಲಿಲ್ಲ. ಅವಳು ಚೆಂದವಿದ್ದಳು. ನಾನು ಕನ್ನಡಿಯಲ್ಲಿ ಎಂದೂ ಅಷ್ಟು ಚೆಂದ ಕಂಡದ್ದಿಲ್ಲ.

ಸೂಜಿ ಇದ್ದ ಜಾಗದ ಕೆಳಗೆ ಅವನು ಎರಡು ಸಾಲು ಬರೆದಿದ್ದ. ನಮ್ಮ ಮನೆಗೆ ಬರುವ ಮೊದಲು, ನಾನು ಬಾಯಿಬಿಡುವ ಮೊದಲು ಬರೆದದ್ದು.

'ದುರ್ಬೀನು ಯಾರೆಂದು ತಿಳಿಯದು, ಅವರ ಮೇಲೆ ನನಗೆ ಬೇಸರವಿಲ್ಲ. ಇದನ್ನು ನಕಲು ಮಾಡುವಾಗ ನಮ್ಮ ಓಲೆಯ ದುಂಡಗಿನ ಅಕ್ಷರದ ಕೈ ನಡುಗಿರಬೇಕೆಂದು ನಂಬಿದ್ದೇನೆ.'

ನಾನು ಹಾಳೆಗಳನ್ನು ಹಿಂದಕ್ಕೆ ತಿರುಗಿಸಿ ಆ ವಿಮರ್ಶೆಯನ್ನು ಮೊದಲಿಂದ ಕೊನೆಯವರೆಗೆ ನೋಡಿದೆ. ಒಂದೇ ಒಂದು ಅಕ್ಷರವಾದರೂ ಸೊಟ್ಟಗಾಗಿದೆಯೇ ಎಂದು ಸಾಲು ಸಾಲಾಗಿ ಬೆರಳಿಟ್ಟು ಹುಡುಕಿದೆ. ಎಲ್ಲವೂ ದುಂಡಗೆ, ಅಚ್ಚುಕಟ್ಟಾಗಿದ್ದವು. ಎಲ್ಲೂ ಕೈ ನಡುಗಿರಲಿಲ್ಲ.